ಗೋಧಿ ಊರಿಗೆ ಹೋದ ಶಾವಿಗೆ ಒರಳು

ಮೈಸೂರಿಂದ ಅಮ್ಮಿ ಕಳಿಸಿದ ಪಾರ್ಸೆಲ್ ಅಮೆರಿಕದ ನಾರ್ತ್ ಕ್ರೀಕಿನ ನಮ್ಮನೆಗೆ ಬರಲಿಲ್ಲ. ಪಿನ್‌ಕೋಡಿನ ಎರಡು ಅಂಕಿಗಳನ್ನು ನನ್ನ ತಮ್ಮ ಅದಲುಬದಲು ಬರೆದಿದ್ದ. ಒಂದು ಬೆಳಿಗ್ಗೆ ಬೆಟ್ಟಗಳಾಚೆಯ ಯಾವುದೋ ಊರಿನಿಂದ ಫೋನ್ ಬಂತು. ಅಲ್ಲಿನ ಪೋಸ್ಟಾಫೀಸ್ ನೋಡಿಕೊಳ್ಳುವ ಹೆಂಗಸು.

"ನಿಮ್ಮ ಬಾಕ್ಸ್ ಇಲ್ಲಿದೆ, ಕಳಿಸ್ತೀನಿ. ಆದರೆ ಒಳಗೇನಿದೆ ಅಂತ ದಯವಿಟ್ಟು ಹೇಳಿಬಿಡಿ. ಮೂಲೆ ಹರಿದು ಒಂದು ಹಿತ್ತಾಳೆ ಕಾಲು ಕಾಣ್ತಿದೆ. ಊರಿನವರೆಲ್ಲ ತಲೆ ಕೆಡಿಸಿಕೊಂಡಿದಾರೆ."

"ಕಳಿಸಬೇಡಿ, ನಾನೇ ಬರ್ತೀನಿ," ಅಂದುಬಿಟ್ಟೆ. ಒಂದು ಪಾರ್ಸೆಲ್ಲಿಗೆ ಊರಿಗೆ ಊರೇ ತಲೆ ಕೆಡಿಸಿಕೊಳ್ಳುವ ಜಾಗ ಹೇಗಿರುತ್ತೆ ಅಂತ ನೋಡಬೇಕಿತ್ತು.

ಶನಿವಾರ ಮಗಳನ್ನು ಕೂರಿಸಿಕೊಂಡು ನಾಲ್ಕು ಗಂಟೆ ಡ್ರೈವ್ ಮಾಡಿದೆ. ಘಾಟಿ ಇಳಿದ ಮೇಲೆ ಮರಗಳು ಮುಗಿದವು, ಆಮೇಲೆ ಫೋನ್ ಸಿಗ್ನಲ್ಲೂ ಹೋಯಿತು. ಕೊಯ್ಲಾದ ಗೋಧಿ ಹೊಲಗಳ ನಡುವೆ ಎತ್ತರದ ಒಂದು ಕಣಜ, ಚರ್ಚು, ಮುಚ್ಚಿದ ಶಾಲೆ, ಒಂದೇ ಒಂದು ಅಂಗಡಿ. ಅಂಗಡಿಯ ಮೂಲೆಯೇ ಪೋಸ್ಟಾಫೀಸು. ಎಂಟು ಹತ್ತು ಜನ ಕಾದಿದ್ದರು. ಕೌಂಟರ್ ಮೇಲಿನ ಚೀಟಿಯಲ್ಲಿ ಅವರ ಊಹೆಗಳು: ಪಂಪಿನ ಭಾಗ, ದೂರದರ್ಶಕ, ದೀಪ.

ಬಾಕ್ಸ್ ಬಿಚ್ಚಿ ಮೂರು ಕಾಲಿನ ಶಾವಿಗೆ ಒರಳನ್ನು ನಿಲ್ಲಿಸಿದೆ. ಯಾರಿಗೂ ಗೊತ್ತಾಗಲಿಲ್ಲ. ಇದರಲ್ಲಿ ಶಾವಿಗೆ ಒತ್ತುತ್ತೇವೆ ಅಂತ ನಾನೇ ಹೇಳಿದೆ.

"ಮಾಡಿ ತೋರಿಸಿ," ಅಂದಳು ಪೋಸ್ಟಾಫೀಸಿನಾಕೆ.

ನನಗೆ ನಾಚಿಕೆಯಾಯಿತು. ಪ್ರತಿ ರಂಜಾನ್ ಹಬ್ಬಕ್ಕೆ ಅಮ್ಮಿ ಒತ್ತುವುದನ್ನು ನೋಡಿದ್ದೆ, ನಾನು ಒಮ್ಮೆಯೂ ಒತ್ತಿರಲಿಲ್ಲ. ಅಂಗಡಿಯ ಹಿಂದಿನ ಅಡುಗೆಮನೆಯಲ್ಲಿ ಅಕ್ಕಿ ಹಿಟ್ಟು ಸಿಗದೆ ಅವರದೇ ಹೊಲದ ಗೋಧಿ ಹಿಟ್ಟು ಕಲಸಿ, ಉಂಡೆ ಕಟ್ಟಿ ಬೇಯಿಸಿದೆ. ಒರಳಿಗೆ ಹಾಕಿದರೆ ಹಿಡಿ ಅಲುಗಲೇ ಇಲ್ಲ. ಒಬ್ಬ ಮುದುಕ ರೈತ ಬಗ್ಗಿ ನೋಡಿ, "ಹಿಟ್ಟು ಆರಿಬಿಟ್ಟಿದೆ. ಬಿಸಿಬಿಸಿ ಇದ್ದಾಗಲೇ ಹಾಕಿ," ಅಂದ. ಉಂಡೆಗಳನ್ನು ಮತ್ತೆ ಬಿಸಿ ಮಾಡಿ ಹಾಕಿದೆ. ಮಗಳು ಒರಳಿನ ಕಾಲು ಹಿಡಿದಳು, ಅವನು ತಿರುಗಿಸಿದ. ಎಳೆ ಎಳೆಯಾಗಿ ಶಾವಿಗೆ ಇಳಿಯಿತು.

ಹಾಲು, ಸಕ್ಕರೆ ಹಾಕಿಕೊಂಡು ಎಲ್ಲರೂ ತಿಂದೆವು. ಸ್ವಲ್ಪ ಅಂಟಂಟಾಗಿತ್ತು.

"ಇಲ್ಲಿ ಯಾರಿಗಾದರೂ ಹುಷಾರಿಲ್ಲದಿದ್ದರೆ ಏನು ಮಾಡ್ತೀರಿ?" ಅಂತ ಕೇಳಿದೆ.

"ಒಂದು ಗಂಟೆ ಡ್ರೈವ್ ಮಾಡ್ತೀವಿ."

"ಬೇಜಾರಾದರೆ?"

"ಇಲ್ಲಿಗೆ ಬಂದು ಯಾರಿಗೆ ಏನು ಬಂದಿದೆ ಅಂತ ನೋಡ್ತೀವಿ," ಅಂದ ರೈತ. ಆಮೇಲೆ ಅವನೇ ಕೇಳಿದ: "ಇಷ್ಟು ಭಾರದ್ದನ್ನ ನಿಮ್ಮಮ್ಮ ಯಾಕೆ ಕಳಿಸಿದರು?"

"ಅವರಿಗೀಗ ಕೈ ನೋವು. ತಿರುಗಿಸೋಕಾಗಲ್ಲ." ಬಾಯಿಬಿಟ್ಟು ಹೇಳಿದಾಗಲೇ ನನಗೂ ಅದು ಸರಿಯಾಗಿ ಅರ್ಥವಾಗಿದ್ದು.

ಮಾರನೆಯ ದಿನ ಅಮ್ಮಿಗೆ ಕಾಲ್ ಮಾಡಿ ಎಲ್ಲ ಹೇಳಿದೆ. ಬೈಯುತ್ತಾರೇನೋ ಅಂದುಕೊಂಡಿದ್ದೆ. ಅವರು ಕೇಳಿದರು: "ಅಲ್ಲಿ ಅಕ್ಕಿ ಬೆಳೆಯಲ್ವಾ? ಆ ಪೋಸ್ಟಾಫೀಸಿನಾಕೆಗೆ ಮಕ್ಕಳೆಷ್ಟು?"