ಸುನಂದಾ ಬೇಕಂತಲೇ ಫೇಲಾದದ್ದು

ಇಳಕಲ್ಲಿನ ಸುನಂದಾ ಹುಟ್ಟಿದಾಗಿಂದ ಫೇಲ್ ಅನ್ನೋದನ್ನ ಕಂಡಾಕಿ ಅಲ್ಲ. ಹುನಗುಂದದ ಕಾಲೇಜಿನ್ಯಾಗ ಕಂಪ್ಯೂಟರ್ ಕಲಿಸ್ತಾಳ, ಸಂಜಿಮುಂದ ಮನಿಗೆ ಬಂದು ಅವ್ವ ಶಿವಲಿಂಗವ್ವನ ಮಗ್ಗದ ಬಾಜೂಕ ಲ್ಯಾಪ್‌ಟಾಪ್ ಹಿಡ್ಕೊಂಡು ಕೂಡ್ತಾಳ. ಸೆರಗಿನ ಡಿಸೈನ್ ನಡಸೋ ಪುಟ್ಟ ಎಲೆಕ್ಟ್ರಾನಿಕ್ ಡಬ್ಬಿ ಒಂದನ್ನ ಮಗ್ಗಕ್ಕ ಕೂಡಿಸ್ಯಾಳ. ಅದಕ್ಕ ಬರದ ಪ್ರೋಗ್ರಾಮನ್ನ ಯಂತ್ರಕ್ಕ ತಿಳಿಯೋಹಂಗ ತಿರುವಿ ಕೊಡೋ ಕಂಪೈಲರನ್ನೂ ತಾನಽ ಬರದಾಳ. ದೊಡ್ಡ ಕಂಪನಿಯವ್ರದ್ದು ಆ ಸಣ್ಣ ಡಬ್ಬಿಗೆ ಒಗ್ಗಲಿಲ್ಲ, ಅದಕ್ಕ.

ಎಲ್ಲಾ ಛಲೋನಽ ನಡದಿತ್ತು. ಆದ್ರ ಒಮ್ಮೊಮ್ಮೆ ಸೆರಗಿನ ನಟ್ಟನಡುವ ಒಂದು ಎಳಿ ದಾರಿ ತಪ್ಪತಿತ್ತು, ಹಂಗ ನಾಕು ಸೀರಿ ಕೆಟ್ಟಿದ್ವು. ತಪ್ಪು ಕಂಪೈಲರಿನ್ಯಾಗಽ ಎಲ್ಲೋ ಅಡಗಿ ಕೂತಿತ್ತು, ಎಲ್ಲಿ ಅಂತ ಮಾತ್ರ ಸಿಗವಲ್ದು. "ಇನ್ನೊಂದು ಸೀರಿ ಕೆಡ್ಲಿ, ನಿನ್ನ ಡಬ್ಬಿ ಕಿತ್ತು ತಿಪ್ಪಿಗೆ ಒಗೀತೇನಿ" ಅಂದ್ಳು ಶಿವಲಿಂಗವ್ವ. ಓಣಿಯವ್ರೂ ಅದನ್ನಽ ಕಾಯಾಕತ್ತಿದ್ರು.

ಇಂಥಾ ತಪ್ಪು ಹಿಡಿಯಾಕ ಟೆಸ್ಟ್ ಸೂಟ್ ಅಂತ ಇರತೈತಿ. ಭಾಷೆಯ ಒಂದೊಂದು ನಿಯಮಕ್ಕ ಒಂದೊಂದು ಸಣ್ಣ ಪ್ರೋಗ್ರಾಮು. ಓಡಿಸಿದ್ರ ಕಂಪೈಲರ್ ಯಾವ ನಿಯಮ ಮುರೀತು ಅಂತ ಗೊತ್ತಾಗತೈತಿ. ಅದು ಬಾಗಲಕೋಟಿಯ ಒಂದು ತಪಾಸಣಾ ಕೇಂದ್ರದಾಗ ಐತಿ ಅಂತ ತಿಳದು ಸುನಂದಾ ಬಸ್ಸು ಹತ್ತಿದ್ಳು.

ಅಲ್ಲಿ ರಾಚಪ್ಪ ಸಾಹೇಬ್ರು ಮುಖ್ಯಸ್ಥರು. ಜೀವಮಾನ ಎಲ್ಲಾ ಪರೀಕ್ಷಾ ವಿಭಾಗದಾಗ ಸವೆಸಿದ ಮನುಷ್ಯಾ, ಪ್ರಶ್ನೆಪತ್ರಿಕಿ ಸೋರಬಾರ್ದು ಅನ್ನೋದೊಂದಽ ಅವರ ಧರ್ಮ. ಟೆಸ್ಟ್ ಸೂಟ್ ಬಂದ ದಿನಾನ ಅರಗಿನ ಮುದ್ರಿ ಒತ್ತಿ ತಿಜೋರಿಗೆ ಹಾಕಿ, ಬಾಗಲದಾಗ ಕಾವಲು ಕೂಡಿಸಿದ್ರು.

"ಒಂದ್ಸಲ ಕೊಡ್ರಿ ಸರ್, ಓಡಿಸಿ ನೋಡ್ತೇನಿ" ಅಂದ್ಳು ಸುನಂದಾ.

"ಏನ್ ಮಾತಾಡ್ತೀ ತಂಗೀ! ಪರೀಕ್ಷೆ ಬರಿಯೋರ ಕೈಯಾಗಽ ಪ್ರಶ್ನೆಪತ್ರಿಕಿ ಕೊಡ್ಲೇನು?"

"ಇದು ಎಲ್ಲಾರಿಗೂ ಸಿಕ್ರಽ ಉಪಯೋಗ್ರಿ."

"ಎಲ್ಲಾರಿಗೂ ಸಿಕ್ರ ಈ ತಿಜೋರಿ ಯಾಕ, ನಾ ಯಾಕ?"

ಶಿವನಽ! ಕಡೀಕ ಸಾಹೇಬ್ರು, ಬೇಕಿದ್ರ ನಿನ್ನ ಕಂಪೈಲರನ್ನಽ ಪರೀಕ್ಷೆಗೆ ಕೂಡಿಸು ಅಂದ್ರು, ಅದಕ್ಕೊಂದು ಹಾಲ್ ಟಿಕೆಟ್ ಬಂತು. ಫೋಟೊ ಯಾರದ್ದು ಹಚ್ಚಲಿ ಅಂದ್ರ, ಪಾಲಕರದ್ದು ನಡೀತೈತಿ ಅಂದ್ರು. ಪರೀಕ್ಷೆ ದಿನ ಸುನಂದಾ ಕಂಪೈಲರ್ ಒಪ್ಪಿಸಿ ವರಾಂಡಾದಾಗ ಕೂತ್ಳು. ಒಳಗ ಬಾಗಲಾ ಹಾಕ್ಕೊಂಡು ಓಡಿಸಿದ್ರು. ನೂರಕ್ಕ ತೊಂಬತ್ತೆಂಟು ಬಂತು. ಸಾಹೇಬ್ರು ಶಾಲು ಹೊದಿಸಿ ಪೇಢೆ ಕೊಟ್ರು.

"ಹೋದ ಎರಡು ಯಾವ್ವು ಸರ್?"

"ಅದು ಗೌಪ್ಯ. ಡಿಸ್ಟಿಂಕ್ಷನ್ ಬಂದೈತಿ, ಎರಡು ಮಾರ್ಕಿಗೆ ಅಳತಾರೇನು?"

"ಆ ಎರಡಕ್ಕಽ ನಮ್ಮವ್ವನ ಸೀರಿ ಕೆಡಾಕತ್ತಾವ್ರಿ!"

"ತಪ್ಪಾದ ಪ್ರಶ್ನೆಗಳ ನಕಲು ಫೇಲಾದವ್ರಿಗಷ್ಟಽ ಕೊಡೋದು, ನಿಯಮ. ನಿನ್ನಂಥಾ ಜಾಣಿಗೆ ಅದ್ಯಾಕ?"

ಬಸ್ಸಿನ್ಯಾಗ ಆಕಿ ಸಿಟ್ಟಿಲೆ ಕುದೀತಿದ್ಳು. ಅಮೀನಗಡ ದಾಟೋದ್ರಾಗ ಒಮ್ಮೆಲೆ ನಗು ಬಂತು. ಬಾಜೂಕ ಕೂತ ಮುದುಕಿ ಹೌಹಾರಿ ಸರದು ಕೂತ್ಳು.

ಮರುವಾರಽ ಸುನಂದಾ ಅಂಕ ಸುಧಾರಣಾ ಪರೀಕ್ಷೆಗೆ ಅರ್ಜಿ ಹಾಕಿದ್ಳು. ಈ ಸಲ ಒಪ್ಪಿಸಿದ ಕಂಪೈಲರ್ ಏನು ಕೊಟ್ರೂ ಬಾಯಿ ಬಿಡದ ಸುಮ್ಮನ ಕೂಡೋವಂಥಾದ್ದು. ಫಲಿತಾಂಶ ದೊಡ್ಡ ಸೊನ್ನಿ.

ರಾಚಪ್ಪ ಸಾಹೇಬ್ರು ಖರೇನಽ ಮರುಗಿದ್ರು. "ಯಾರ ಕಣ್ಣು ಬಿತ್ತೋ ತಂಗೀ! ಬನಶಂಕರಿಗೆ ಹೋಗಿ ಕೈ ಮುಗದು ಬಾ" ಅಂದು, ತಪ್ಪಾದ ಪ್ರಶ್ನೆಗಳನ್ನ ನಿಯಮದ ಪ್ರಕಾರ ತಾವಽ ಸಿಕ್ಕಾ ಒತ್ತಿ ಕೊಟ್ರು. ತಪ್ಪಾಗಿದ್ದು ನೂರಕ್ಕ ನೂರು. ಟೆಸ್ಟ್ ಸೂಟ್ ಪೂರಾ ಆಕಿ ಬಗಲಾಗ ಬಂತು.

ಮನಿಗೆ ಬಂದಾಕಿನಽ ತನ್ನ ಖರೇ ಕಂಪೈಲರ್ ಮ್ಯಾಲೆ ಒಂದೊಂದಾಗಿ ಓಡಿಸಿದ್ಳು. ಕಳ್ಳರಿಬ್ಬರೂ ಸಿಕ್ಕಬಿದ್ರು. ತಿದ್ದಿದ ಮ್ಯಾಲೆ ಇಳದ ಸೀರಿಯ ಸೆರಗಿನ ಮ್ಯಾಲೆ ಶಿವಲಿಂಗವ್ವ ಕೈಯಾಡಿಸಿದ್ಳು, ತಿರುವಿ ಹಾಕಿ ಮತ್ತ ಆಡಿಸಿದ್ಳು. ಎಲ್ಲೂ ಎಳಿ ತಪ್ಪಿದ್ದಿಲ್ಲ.

ಅಷ್ಟರಾಗ ಸೊನ್ನಿ ಸುದ್ದಿ ಓಣಿಗೆ ಮುಟ್ಟಿತ್ತು. ಸಮಾಧಾನ ಹೇಳಾಕ ಬಂದೋರು ಕಟ್ಟಿಮ್ಯಾಲೆ ತುಂಬಿದ್ರು. "ಅವ್ವಾ, ನಾ ಫೇಲಾದ್ನಿ" ಅಂದ್ಳು ಸುನಂದಾ, ನಗು ತಡಕೊಂಡು.

ಶಿವಲಿಂಗವ್ವ ಸೆರಗಿನ ಮ್ಯಾಲಿಂದ ಕಣ್ಣು ತಗೀಲಿಲ್ಲ. "ಮೊದ್ಲಽ ಆಗಾಕ ಏನ್ ಧಾಡಿಯಾಗಿತ್ತು ನಿನಗ? ನಾಕು ಸೀರಿ ಉಳೀತಿದ್ವು."