ಕೊಫ್ತೆ ಮನೆಯ ಟಿಕೆಟ್ ಗುಮಾಸ್ತ

ಮೊದಲು ನನ್ನ ಯೋಗ್ಯತೆ ಹೇಳಿಬಿಡುತ್ತೇನೆ. ಆಮೇಲೆ ಜಿಹ್ನಿಯನ್ನು ಬೈಯಲು ನನಗೆ ಅನುಕೂಲ.

ಹೋದ ವರ್ಷ ಕ್ಷೌರದವನು ನನ್ನ ಎಡಗಿವಿಯ ತುದಿಗೆ ಕತ್ತರಿ ತಾಗಿಸಿದ. ರಕ್ತ ಕಾಲರಿನವರೆಗೆ ಇಳಿಯಿತು. ನಾನು ಕನ್ನಡಿಯಲ್ಲಿ ನೋಡಿಕೊಂಡು, ಹತ್ತಿ ಒತ್ತಿಕೊಂಡು, "ನಿಮ್ಮ ಕೈಗೆ ಆರೋಗ್ಯ ಇರ್ಲಿ" ಎಂದು ಹೇಳಿ ಎದ್ದು ಬಂದೆ. ನಮ್ಮ ಇನೆಗೋಲ್ ಊರಿನಲ್ಲಿ ಯಾರು ಕೈಯಾರೆ ಏನು ಮಾಡಿಕೊಟ್ಟರೂ ಈ ಮಾತು ಹೇಳಬೇಕು. ಅಮ್ಮ ಸೂಪು ಬಡಿಸಿದರೆ ಅಮ್ಮನಿಗೆ, ಅತ್ತಿಗೆ ಸ್ವೆಟರ್ ಹೆಣೆದರೆ ಅತ್ತಿಗೆಗೆ. ಉಂಡು ಈ ಮಾತು ಹೇಳದೆ ಎದ್ದರೆ ಬಡಿಸಿದವರ ಮುಖಕ್ಕೆ ಉಗಿದ ಹಾಗೆ. ನಾನು ಹುಟ್ಟಿದಂದಿನಿಂದ ಯಾರ ಮುಖಕ್ಕೂ ಹಾಗೆ ಉಗಿದವನಲ್ಲ. ಉಗಿಯಬೇಕಾದವರಿಗೂ ಉಗಿದಿಲ್ಲ.

ನಮ್ಮ ಯಜಮಾನರಾದ ರೆಮ್ಜಿ ಬೇ ಅವರ ಮರದ ಬೀರು, ಮಂಚಗಳ ಕಾರ್ಖಾನೆಯಲ್ಲಿ ನಾನು ರವಾನೆ ಗುಮಾಸ್ತ. ಯಾವ ಬೀರು ಯಾವ ಲಾರಿಗೆ, ಯಾವ ಊರಿಗೆ ಎಂದು ಚೀಟಿ ಅಂಟಿಸುವ ಕೆಲಸ. ಹೋದ ತಿಂಗಳು ಎರ್ಜುರುಮ್‌ಗೆ ಹೋಗಬೇಕಾಗಿದ್ದ ಮದುವೆ ಮಂಚ ನನ್ನ ಚೀಟಿಯ ದೆಸೆಯಿಂದ ದೇಶದ ಇನ್ನೊಂದು ತುದಿಯ ಎದಿರ್ನೆಗೆ ಹೋಯಿತು. ಆ ಹೊಸ ದಂಪತಿಗಳು ಹತ್ತು ದಿನ ನೆಲದ ಮೇಲೆ ಮಲಗಿದರಂತೆ. ಇಂಥ ನಾನು ಇನ್ನೊಬ್ಬನ ಕಸುಬಿನ ಬಗ್ಗೆ ಮಾತಾಡಲು ಹೊರಟಿದ್ದೇನೆ. ಆದರೂ ಮಾತಾಡುತ್ತೇನೆ, ಯಾಕೆಂದರೆ ಮಂಚವನ್ನು ಯಾರೂ ತಿನ್ನಬೇಕಾಗಿ ಬರಲಿಲ್ಲ.

ನಮ್ಮ ಕಾರ್ಖಾನೆಯ ಎಪ್ಪತ್ತು ಮಂದಿಗೆ ಮಧ್ಯಾಹ್ನದ ಊಟ ಎದುರುಗಡೆಯ 'ಮುಹರ್ರೆಮ್ ಉಸ್ತಾ ಕೊಫ್ತೆ ಮನೆ'ಯಲ್ಲಿ. ವರ್ಷಕ್ಕೊಂದು ಸಲ, ಮಾರ್ಚಿನಲ್ಲಿ, ಯಜಮಾನರು ಒಪ್ಪಂದಕ್ಕೆ ಸಹಿ ಹಾಕುತ್ತಾರೆ. ಉಳಿದ ದಿನಗಳಲ್ಲಿ ಆ ಸಹಿಯನ್ನು ನಾವು ತಿನ್ನುತ್ತೇವೆ. ಪಳಗಿದ ಕಸುಬುದಾರರಿಗೆ ನಾವು ಉಸ್ತಾ ಎನ್ನುತ್ತೇವೆ; ಬೋರ್ಡಿನ ಮೇಲಿರುವ ಮುಹರ್ರೆಮ್ ಉಸ್ತಾ ತೀರಿಕೊಂಡು ಒಂಬತ್ತು ವರ್ಷವಾಯಿತು. ಅವರು ಬದುಕಿದ್ದಾಗ ಬುರ್ಸಾದಿಂದ ಜನ ಬಂದು ಬಾಗಿಲಲ್ಲಿ ಕಾಯುತ್ತಿದ್ದರು. ಮಾಂಸ, ಉಪ್ಪು, ಒಂದು ರಾತ್ರಿಯ ವಿಶ್ರಾಂತಿ, ಕೆಂಡ. ಅವರ ಕೊಫ್ತೆಯಲ್ಲಿ ಇದ್ದದ್ದು ಇಷ್ಟೇ. ಈಗ ಗಲ್ಲಾದಲ್ಲಿ ಕೂತಿರುವವನು ಅವರ ಅಳಿಯ ಜಿಹ್ನಿ.

ಜಿಹ್ನಿ ಹಿಂದೆ ಬಸ್‌ಸ್ಟ್ಯಾಂಡಿನಲ್ಲಿ ಒಂದು ಬಸ್ ಕಂಪನಿಯ ಟಿಕೆಟ್ ಗುಮಾಸ್ತನಾಗಿದ್ದ. ಇಪ್ಪತ್ತು ವರ್ಷ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, "ಬುರ್ಸಾ, ಬುರ್ಸಾ, ಬುರ್ಸಾ! ಹೊರಟೇಬಿಡ್ತು!" ಎಂದು ಕೂಗಿದ. ಬಸ್ಸು ಹೊರಡುತ್ತಿದ್ದದ್ದು ಅದಾಗಿ ಮುಕ್ಕಾಲು ಗಂಟೆಗೆ. ಅವನ ಜೀವನದ ಸತ್ಯನಿಷ್ಠೆಗೆ ಅದೇ ಅಳತೆ. ಮಾವ ಇರುವವರೆಗೆ ಅವನನ್ನು ಒಲೆಯ ಹತ್ತಿರ ಬಿಡಲಿಲ್ಲ. "ನನ್ನ ಮಗಳನ್ನ ಕೊಟ್ಟಿದೀನಿ, ಇಕ್ಕಳ ಕೊಡಲ್ಲ" ಎನ್ನುತ್ತಿದ್ದರಂತೆ. ಮುದುಕರಿಗೆ ಮನುಷ್ಯರ ಅಂದಾಜು ಇತ್ತು. ಅವರು ಸತ್ತ ವರ್ಷವೇ ಬಸ್ ಕಂಪನಿಯೂ ಬಾಗಿಲು ಹಾಕಿತು. ಹೆಂಡತಿ ನಜ್ಮಿಯೆಯ ಕೈಯಿಂದ ಬೀಗದ ಕೈ ಈಸಿಕೊಂಡು ಜಿಹ್ನಿ ಒಳಗೆ ಬಂದ. ಬಸ್‌ಸ್ಟ್ಯಾಂಡನ್ನೂ ಜೊತೆಗೇ ತಂದ.

ಅವನಿಗೆ ನಾವು ಗಿರಾಕಿಗಳಲ್ಲ, ಪ್ರಯಾಣಿಕರು. ಮೇಜುಗಳಿಗೆಲ್ಲ ನಂಬರು. ಕುರ್ಚಿಗೂ ನಂಬರು.

"ಇಲ್ಕೆರ್, ನಿಂದು ಆರನೇ ಮೇಜು, ನಾಲ್ಕನೇ ಸೀಟು. ಕಿಟಕಿ ಕಡೆ ಕೂತ್ಕೋಬೇಡ, ಅದು ಬೇರೆಯವರದು."

"ಯಾರೂ ಇಲ್ವಲ್ಲ ಜಿಹ್ನಿ ಅಣ್ಣ?"

"ಬರ್ತಾರೆ. ಮುಂದಿನ ಸ್ಟಾಪಲ್ಲಿ ಹತ್ತುತಾರೆ."

ನಮ್ಮಲ್ಲಿ ಊಟ ಮುಗಿದ ಮೇಲೆ ಹೋಟೆಲಿನವರು ಪುಕ್ಕಟೆ ಟೀ ಕೊಡುತ್ತಾರೆ. ಅದು ಮರ್ಯಾದೆಯ ಟೀ: ಇನ್ನಷ್ಟು ಹೊತ್ತು ಕೂತಿರಿ ಎಂದು ಅರ್ಥ. ಜಿಹ್ನಿಯ ಟೀ ಬರುವುದು ನಿಮ್ಮ ಎರಡನೇ ಕೊಫ್ತೆ ಬಾಯಲ್ಲಿರುವಾಗ. ಎದ್ದು ಹೋಗಿ, ಆಚೆ ಪಾಳಿಯವರು ನಿಂತಿದ್ದಾರೆ ಎಂದು ಅರ್ಥ. ಟೀ ನೋಡಿಯೂ ಏಳದವರಿಗೆ ಕೈಗೆ ಹಚ್ಚಿಕೊಳ್ಳುವ ಸುಗಂಧದ ನೀರು, ನಿಂಬೆ ಕಲೋನು. ನಮ್ಮ ಕಡೆ ಬಸ್ಸಿನಲ್ಲಿ ಪ್ರಯಾಣಿಕರ ಅಂಗೈಗೆ ಹಾಕುತ್ತಾರಲ್ಲ, ಅದೇ ಬಾಟಲಿ ಹಿಡಿದು ಬಂದು, ನಿಮ್ಮ ಕೈಯಲ್ಲಿ ರೊಟ್ಟಿ ಇದೆಯೋ ಚಮಚ ಇದೆಯೋ ನೋಡದೆ ಸುರಿಯುತ್ತಾನೆ. ನಿಂಬೆ ಕಲೋನಿನಲ್ಲಿ ನೆನೆದ ರೊಟ್ಟಿಯನ್ನು ನಾನು ಮೂರು ಸಲ ತಿಂದಿದ್ದೇನೆ. ಹೇಳಿಕೊಳ್ಳಲು ನಾಚಿಕೆ, ಆದರೆ ಅಲ್ಲಿ ಸಿಗುವುದರಲ್ಲಿ ರುಚಿ ಅಂತ ಇದ್ದದ್ದು ಅದಕ್ಕೇ.

ಕೊಫ್ತೆಗೆ ಅವನು ಹಳಸಿದ ರೊಟ್ಟಿ ಬೆರೆಸುತ್ತಾನೆ. ಇನೆಗೋಲ್‌ನಲ್ಲಿ, ಕೊಫ್ತೆಯ ಹೆಸರಿನ ಮೇಲೇ ತಲೆ ಎತ್ತಿ ನಿಂತಿರುವ ಊರಿನಲ್ಲಿ! ಹೊರಗೆ ಇದ್ದಲು, ಒಳಗೆ ತಂಪು, ನಡುವೆ ಒದ್ದೆ ಪತ್ರಿಕೆ. ಜೊತೆಗೆ ಬರುವ ಬಿಳಿ ಬೀನ್ಸ್ ಕಾಳಿನ ಸಲಾಡಿನಲ್ಲಿ ಕಾಳು ಹಲ್ಲಿಗೆ ಸಿಕ್ಕರೆ ಮೇಜಿನ ಆಚೆಯವನಿಗೂ ಕೇಳಿಸುತ್ತದೆ. ನಮ್ಮ ಗರಗಸದ ಕೆಳಗೆ ಬಿದ್ದ ಮರದ ಹೊಟ್ಟು ದಿನಾ ಸಂಜೆ ಎಲ್ಲಿಗೆ ಹೋಗುತ್ತದೆ ಎಂಬ ಬಗ್ಗೆ ಪಾಲಿಶ್ ವಿಭಾಗದವರಿಗೆ ಒಂದು ಅನುಮಾನವಿದೆ.

ಇಷ್ಟೆಲ್ಲ ಆದರೂ ಜಿಹ್ನಿಗೆ ತನ್ನ ಅಡುಗೆಯ ಬಗ್ಗೆ ರಾಜನಂಥ ಜಂಬ. ಯಾಕಿರಬಾರದು? ದಿನಾ ಅರವತ್ತೊಂಬತ್ತು ಮಂದಿ ಬಾಗಿಲು ದಾಟುವಾಗ ಹೇಳುತ್ತಿದ್ದೆವಲ್ಲ: ನಿಮ್ಮ ಕೈಗೆ ಆರೋಗ್ಯ ಇರ್ಲಿ. ಅವನು ಗಲ್ಲಾದಿಂದ ತಲೆ ಎತ್ತದೆ, "ಮೈಗೆ ಹತ್ತಲಿ" ಎನ್ನುತ್ತಿದ್ದ. ಒಂಬತ್ತು ವರ್ಷ ದಿನಕ್ಕೆ ಅರವತ್ತೊಂಬತ್ತು ಸಲ ಹೊಗಳಿದರೆ ಕತ್ತೆಗೂ ತಾನು ಹಾಡುಗಾರ ಅನ್ನಿಸುತ್ತದೆ.

ಒಬ್ಬರು ಮಾತ್ರ ಹೇಳುತ್ತಿರಲಿಲ್ಲ. ಕೆತ್ತನೆ ಕೆಲಸದ ಹಿದಾಯೆತ್ ಉಸ್ತಾ. ಮುಹರ್ರೆಮ್ ಉಸ್ತಾರ ಕೊಫ್ತೆ ತಿಂದು ಬೆಳೆದ ನಾಲಿಗೆ ಅದು. ಜಿಹ್ನಿಯ ಅಂಗಡಿಯಲ್ಲಿ ಒಂಬತ್ತು ವರ್ಷದಿಂದ ಬಾಯಿ ಬಿಟ್ಟವರಲ್ಲ. ಬರುತ್ತಾರೆ, ರೊಟ್ಟಿ ಮೊಸರು ತಿನ್ನುತ್ತಾರೆ, ಹೋಗುತ್ತಾರೆ.

"ಆ ಮುದುಕ ಮೂಗ ಅಲ್ವೇನೋ?" ಎಂದು ಜಿಹ್ನಿ ಒಂದು ದಿನ ನನ್ನನ್ನು ಕೇಳಿದ. "ಪಾಪ, ಸನ್ನೆನಾದ್ರೂ ಮಾಡಬಹುದು. ಊಟ ಇಷ್ಟ ಆಗಿದ್ದು ಅವನ ಕಣ್ಣಲ್ಲೇ ಗೊತ್ತಾಗುತ್ತೆ ಬಿಡು."

ಈ ಮಾರ್ಚಿನಲ್ಲಿ ಒಪ್ಪಂದದ ದಿನ ಹತ್ತಿರ ಬಂದಾಗ ಪಾಲಿಶ್ ವಿಭಾಗದ ಇಬ್ಬರಿಗೆ ಹೊಟ್ಟೆ ಕೆಟ್ಟಿತು. ಸಾಕಪ್ಪ ಸಾಕು ಎಂದು ಎಲ್ಲರೂ ಸೇರಿ ಯಜಮಾನರಿಗೆ ಅರ್ಜಿ ಕೊಡುವುದೆಂದಾಯಿತು. ಬರೆಯುವವರು ಯಾರು? ಕಚೇರಿಯಲ್ಲಿ ಕೂರುವವನು ನಾನು. ಬರೆದೆ. ಕಾಗದದ ಮೇಲೆ ನಾನು ಹುಲಿ. 'ಮುಹರ್ರೆಮ್ ಉಸ್ತಾರ ಗೋರಿ ನಡುಗುತ್ತಿದೆ' ಎಂದು ಶುರು ಮಾಡಿದೆ. ಓದಿದವರೆಲ್ಲ ಬೆನ್ನು ತಟ್ಟಿದರು. ಅರವತ್ತೊಂಬತ್ತು ಸಹಿ ಬಿತ್ತು, ನನ್ನದು ಎಪ್ಪತ್ತನೆಯದು.

ರೆಮ್ಜಿ ಬೇ ನನ್ನನ್ನು ಒಳಗೆ ಕರೆದರು. ಅರ್ಜಿ ಮೇಜಿನ ಮೇಲಿತ್ತು.

"ನಾನು ಹುಡುಗನಾಗಿ ಕೆಲಸ ಕಲಿಯೋವಾಗ ಮುಹರ್ರೆಮ್ ಉಸ್ತಾನ ಉಪ್ಪು ತಿಂದವನು," ಎಂದರು. "ಅವನ ಅಳಿಯನ ಹೊಟ್ಟೆ ಮೇಲೆ ಹೊಡಿ ಅಂತೀಯ. ಹಿಂದಿನಿಂದ ಬರೆದ ಕಾಗದ ನಂಬಿ ಹೊಡಿಯಲ್ಲ ನಾನು. ನಾಳೆ ನಾನೂ ಬರ್ತೀನಿ. ನನಗೆ ಡಾಕ್ಟರು ಮಾಂಸ ಬಿಡಿಸಿದಾರೆ. ತಿನ್ನೋನು ನೀನು, ಹೇಳೋನೂ ನೀನು. ಇಲ್ಲಿ ಬರೆದಿರೋದನ್ನ ಅವನ ಮುಖ ನೋಡಿ ಹೇಳು. ಹೇಳಿದ್ಯೋ, ಅಲ್ಲೇ ಒಪ್ಪಂದ ಹರೀತೀನಿ, ಇನ್ನೊಂದು ಹೋಟೆಲ್ ನೀವೇ ಆರಿಸ್ಕೊಳ್ಳಿ. ಹೇಳ್ಲಿಲ್ವೋ, ಇನ್ನೊಂದು ವರ್ಷ ನನ್ನ ಹತ್ರ ಈ ಮಾತು ಎತ್ತಬೇಡಿ."

"ಒಂದೇ ಮಾತು ತಾನೇ ಯಜಮಾನ್ರೇ," ಎಂದೆ. ಹುಲಿಯ ಅಮಲು ಇನ್ನೂ ಇಳಿದಿರಲಿಲ್ಲ.

ಹೊರಗೆ ಬಂದ ಮೇಲೆ ಇಳಿಯಿತು. ಮಾರನೆಯ ದಿನ ಬೆಳಿಗ್ಗೆ ಬೇಗ ಹೋಗಿ, ಸಾಮ್‌ಸುನ್‌ಗೆ ಹೊರಡಲು ನಿಂತಿದ್ದ ಕನ್ನಡಿ ಬೀರುವಿನ ಮುಂದೆ ನಿಂತು ಅಭ್ಯಾಸ ಮಾಡಿದೆ. "ಜಿಹ್ನಿ ಅಣ್ಣ, ನಿಮ್ಮ ಕೊಫ್ತೆ ತಿನ್ನೋ ಹಾಗಿಲ್ಲ." ಹುಬ್ಬು ಗಂಟಿಕ್ಕಿ ಒಂದು ಸಲ, ನಗುತ್ತ ಒಂದು ಸಲ. ಹಿದಾಯೆತ್ ಉಸ್ತಾ ಹಿಂದೆ ನಿಂತು ನೋಡುತ್ತಿದ್ದದ್ದು ಕನ್ನಡಿಯಲ್ಲಿ ಕಾಣಿಸಿತು.

"'ಅಣ್ಣ' ತೆಗೆದು ಹಾಕು," ಎಂದರು. "ಆ ಅಣ್ಣ ಅನ್ನೋದು ನಿನ್ನ ಬೆನ್ನುಮೂಳೆ ಕರಗಿಸುತ್ತೆ."

"ಹೇಗೆ ಉಸ್ತಾ, ದೊಡ್ಡವರಿಗೆ..."

"ಸರಿ, ಕರಗು."

ಮಧ್ಯಾಹ್ನ ಆರನೇ ಮೇಜಿನಲ್ಲಿ ಯಜಮಾನರು, ಹಿದಾಯೆತ್ ಉಸ್ತಾ, ನಾನು. ಸುತ್ತ ಎಲ್ಲ ಮೇಜುಗಳಲ್ಲೂ ನಮ್ಮವರು, ಕಿವಿಗಳೆಲ್ಲ ಈ ಕಡೆ. ವಿಷಯ ಜಿಹ್ನಿಗೂ ತಿಳಿದಿತ್ತು. ಈ ಊರಿನಲ್ಲಿ ಯಾವುದು ತಿಳಿಯುವುದಿಲ್ಲ? ಇನ್ನೊಬ್ಬನಾಗಿದ್ದರೆ ಆ ಒಂದು ದಿನವಾದರೂ ಒಳ್ಳೆಯ ಮಾಂಸ ತರುತ್ತಿದ್ದ. ಜಿಹ್ನಿ ಒಂದು ಎಳೆ ಪಾರ್ಸ್ಲಿ ಸೊಪ್ಪನ್ನೂ ಹೆಚ್ಚಿಗೆ ಹಾಕಿರಲಿಲ್ಲ. ಬೇಕೂಂತಲೇ ಮಾಡಿದನೇ ಎಂದರೆ ಅದೂ ಅಲ್ಲ. ತನ್ನದಕ್ಕಿಂತ ಒಳ್ಳೆಯದು ಜಗತ್ತಿನಲ್ಲಿದೆ ಎಂದು ಅವನಿಗೆ ಹೊಳೆದೇ ಇರಲಿಲ್ಲ. ಯಜಮಾನರ ಕುರ್ಚಿಯನ್ನು ಮಾತ್ರ, ಮೇಜು ಒರೆಸುವ ಅದೇ ಬಟ್ಟೆಯಿಂದ ಒರೆಸಿದ.

ನನ್ನ ತಟ್ಟೆಯಲ್ಲಿ ಆರು ಕೊಫ್ತೆ. ಒಂದನ್ನು ಮುರಿದೆ. ಒಳಗೆ ರೊಟ್ಟಿಯ ಅಂಚೊಂದು ಅಂಚಾಗಿಯೇ ಇತ್ತು, ಸುಟ್ಟ ಗೆರೆಯ ಸಮೇತ. ಯಜಮಾನರು ಬಗ್ಗಿ ನೋಡಿದರು. ಎರಡನೆಯದನ್ನು ನಾನು ಬಾಯಿಗಿಟ್ಟುಕೊಂಡಿದ್ದೆನಷ್ಟೆ, ಟೀ ಬಂತು. ಗೆದ್ದೆವು ಅಂದುಕೊಂಡೆ. ಹಿದಾಯೆತ್ ಉಸ್ತಾ ಮೇಜಿನ ಕೆಳಗೆ ನನ್ನ ಕಾಲು ಒತ್ತಿದರು. ಇಷ್ಟು ಸಾಕ್ಷಿ ಇರುವಾಗ ಉಳಿದದ್ದು ಆ ಒಂದು ವಾಕ್ಯ. 'ಅಣ್ಣ' ತೆಗೆದರೆ ಐದೇ ಐದು ಶಬ್ದ.

ಜಿಹ್ನಿ ಕಲೋನಿನ ಬಾಟಲಿ ಹಿಡಿದು ಬಂದ. ನನ್ನ ಪಕ್ಕದಲ್ಲೇ ನಿಂತ.

"ಹೇಳಪ್ಪ ಇಲ್ಕೆರ್. ಏನೋ ಹೇಳೋದಿದೆಯಂತೆ ನಿನಗೆ. ಹೇಗಿತ್ತು ಊಟ?"

ಇಡೀ ಹೋಟೆಲಿನಲ್ಲಿ ಹಲ್ಲಿಗೆ ಸಿಕ್ಕ ಒಂದು ಬೀನ್ಸ್ ಕಾಳೂ ಸದ್ದು ಮಾಡಲಿಲ್ಲ. ನಾನು ಅವನ ಮುಖ ನೋಡಿದೆ. ಕಣ್ಣ ಕೆಳಗೆ ಜೋತುಬಿದ್ದ ಚರ್ಮ, ಸರಿಯಾಗಿ ಬೋಳಿಸದ ಗದ್ದ, ಮೀಸೆಯಲ್ಲಿ ರೊಟ್ಟಿಯ ಚೂರು. ಅವನು ಹೆದರಿರಲಿಲ್ಲ. ಬುರ್ಸಾಕ್ಕೆ ಹೋಗುವವನು ತನ್ನ ಬಸ್ಸನ್ನೇ ಹತ್ತುತ್ತಾನೆ ಎಂದು ಗೊತ್ತಿದ್ದವನ ಹಾಗೆ ಕಾಯುತ್ತಿದ್ದ. ಬಾಟಲಿ ಬಗ್ಗಿಸಿದ. ನನ್ನ ಕೈ ತನ್ನಷ್ಟಕ್ಕೆ ತಾನೇ ಮುಂದೆ ಹೋಗಿ ಅಂಗೈ ಚಾಚಿತು. ಅಲ್ಲೇ ಕೆಟ್ಟಿತು.

"ಜಿಹ್ನಿ ಅಣ್ಣ," ಎಂದೆ. "ನಿಮ್ಮ..."

"ಹ್ಞೂಂ. ನನ್ನ?"

"ನಿಮ್ಮ... ಕೈಗೆ ಆರೋಗ್ಯ ಇರ್ಲಿ."

"ಮೈಗೆ ಹತ್ತಲಿ!" ಎಂದ ಜಿಹ್ನಿ, ಬಸ್‌ಸ್ಟ್ಯಾಂಡಿನ ಗಂಟಲಿನಲ್ಲಿ.

ಹಿದಾಯೆತ್ ಉಸ್ತಾ ತಮ್ಮ ತಟ್ಟೆಯನ್ನು ಯಜಮಾನರ ಕಡೆ ತಳ್ಳಿದರು. ಆರು ಕೊಫ್ತೆಯೂ ಮುಟ್ಟದೆ ಹಾಗೇ ಇದ್ದವು.

"ನಿನ್ನನ್ನ ಕೇಳ್ಲಿಲ್ಲ ಉಸ್ತಾ," ಎಂದರು ರೆಮ್ಜಿ ಬೇ. "ಬರೆದೋನು ಬಾಯಿ ಬಿಟ್ಟ. ಮುಗೀತು." ಕೋಟಿನ ಒಳಜೇಬಿನಿಂದ ಎರಡು ಕಾಗದ ತೆಗೆದರು. ನನ್ನ ಅರ್ಜಿಯನ್ನು ನನ್ನ ಟೀ ಲೋಟದ ಕೆಳಗೆ ಇಟ್ಟರು. ಒಪ್ಪಂದವನ್ನು ಬಿಡಿಸಿ, ಮುರಿದ ಕೊಫ್ತೆಯ ಪಕ್ಕದಲ್ಲೇ ಸಹಿ ಹಾಕಿದರು. ಏಳುವಾಗ ನನ್ನ ಕಡೆ ನೋಡಿದ್ದಷ್ಟೆ. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ರಸ್ತೆ ದಾಟುವಾಗ ಹಿದಾಯೆತ್ ಉಸ್ತಾ ನನ್ನ ಜೊತೆಗೆ ಬಂದರು. ಸಿಗರೇಟು ಹಚ್ಚಿದರು.

"ನಾನು ಮೂಗ ಅಂತ ಅವನು ಅಂದ್ಕೊಂಡಿದಾನೆ," ಎಂದರು. "ಮೂಗ ನೀನು ಕಣೋ. ನಾನು ಮಾತಾಡಬಾರದು ಅಂತ ಸುಮ್ನಿದ್ದೆ. ನೀನು ಮಾತಾಡ್ತಾನೇ ಮೂಗ."

ಆ ಮಧ್ಯಾಹ್ನದಿಂದ ಕಾರ್ಖಾನೆಯಲ್ಲಿ ನನಗೆ ಹೊಸ ಮರ್ಯಾದೆ. ಬೀರುವಿಗೆ ಚೀಟಿ ಅಂಟಿಸಿದರೆ ಸಾಕು, ಲಾರಿಗೆ ಹೊರುವವರು ಸೊಂಟ ಬಗ್ಗಿಸಿ, "ನಿಮ್ಮ ಕೈಗೆ ಆರೋಗ್ಯ ಇರ್ಲಿ, ಇಲ್ಕೆರ್ ಬೇ!" ಎನ್ನುತ್ತಾರೆ, ಯಜಮಾನರಿಗೆ ಹಚ್ಚುವ 'ಬೇ' ನನಗೂ ಹಚ್ಚಿ. ಹೊಟ್ಟೆ ಕೆಟ್ಟಿದ್ದ ಇಬ್ಬರಲ್ಲಿ ಒಬ್ಬ ಇವತ್ತಿಗೂ ನನ್ನ ಸಲಾಮಿಗೆ ಸಲಾಮು ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ. ಇನ್ನೂ ಒಂದು ವರ್ಷ ಅವನ ಹೊಟ್ಟೆಯನ್ನು ಜಿಹ್ನಿಯ ಕೈಗೆ ಒಪ್ಪಿಸಿದವನು ನಾನು.

ಮಾರನೆಯ ದಿನ ನಾನು ಒಳಗೆ ಹೋದಾಗ ಜಿಹ್ನಿ ಗಲ್ಲಾ ಬಿಟ್ಟು ಎದ್ದು ಬಂದ. ಒಂಬತ್ತು ವರ್ಷದಲ್ಲಿ ಯಾವ ಪ್ರಯಾಣಿಕನಿಗೂ ಅವನು ಎದ್ದಿರಲಿಲ್ಲ.

"ಕಿಟಕಿ ಕಡೆ ಕೂತ್ಕೋ," ಎಂದ. "ಇವತ್ತಿಂದ ಅದು ನಿಂದೇ ಸೀಟು. ನನ್ನ ಕೈ ಬೆಲೆ ಗೊತ್ತಿರೋನು ಈ ಬೀದೀಲಿ ನೀನೊಬ್ಬನೇ."

ತಟ್ಟೆಯನ್ನು ಸ್ವತಃ ತಂದಿಟ್ಟ. ಎಲ್ಲರಿಗೂ ಆರು, ನನಗೆ ಎಂಟು. ಹಿದಾಯೆತ್ ಉಸ್ತಾ ರೊಟ್ಟಿ ಮುರಿಯುತ್ತ ನನ್ನನ್ನೇ ನೋಡುತ್ತಿದ್ದರು. ಎಲ್ಲರೂ ನೋಡುತ್ತಿದ್ದರು. ಒಂದು ತಿಂದೆ. ಎರಡು ತಿಂದೆ. ಅಕ್ಕಪಕ್ಕದ ಮೇಜುಗಳಿಗೆ ಟೀ ಬಂತು, ಕಲೋನು ಬಂತು, ಜನ ಎದ್ದು ಹೋದರು. ನನಗೆ ಬರಲಿಲ್ಲ. ಜೀವನದಲ್ಲಿ ಮೊದಲ ಸಲ ಆ ಟೀಗಾಗಿ ಅಡುಗೆಮನೆಯ ಬಾಗಿಲ ಕಡೆ ನೋಡಿದೆ. ಜಿಹ್ನಿ ದೂರದಿಂದಲೇ ಅಂಗೈ ತೋರಿಸಿದ.

"ಅವಸರ ಇಲ್ಲಪ್ಪ," ಎಂದ. "ನೀನು ನಿಧಾನಕ್ಕೆ ತಿನ್ನು. ಬಸ್ಸು ನಿನ್ನ ಬಿಟ್ಟು ಹೋಗಲ್ಲ."