ಓನರ್ ಆಂಟಿಯ ಮಾತ್ರೆ

ಹೇರೋಹಳ್ಳಿಯಲ್ಲಿ ನಮ್ಮ ಓನರ್ ಆಂಟಿ ಏನು ಕೊಟ್ಟರೂ ಅರ್ಧ ಕೊಡುತ್ತಿದ್ದರು. ಅರ್ಧ ತೆಂಗಿನಕಾಯಿ, ಅರ್ಧ ಕಟ್ಟು ಸಬ್ಬಸಿಗೆ ಸೊಪ್ಪು. ಕೊಟ್ಟು, ಸೆರಗಿಗೆ ಕೈ ಒರೆಸಿಕೊಂಡು, "ಇಬ್ರಿಗೂ ಆಗುತ್ತೆ ಬಿಡು" ಅನ್ನುತ್ತಿದ್ದರು.

ಮಗಳು ಹುಟ್ಟಿ ಮೂರು ತಿಂಗಳಾದಾಗ ಕೂತಲ್ಲೇ ನನ್ನ ಎದೆ ಡವಡವ ಎನ್ನತೊಡಗಿತು, ಕೈ ನಡುಗುತ್ತಿತ್ತು. ಏನೋ ದೊಡ್ಡ ಕಾಯಿಲೆಯೆಂದು ಹೆದರಿದ್ದೆ. ರಕ್ತಪರೀಕ್ಷೆಯ ರಿಪೋರ್ಟ್ ಮೊಬೈಲಿಗೆ ಬಂದಾಗ ಆಂಟಿ ಪಕ್ಕದಲ್ಲೇ ಇದ್ದರು. ಟಿಎಸ್‌ಎಚ್ ತೀರಾ ಕಡಿಮೆ ಎಂದಿತ್ತು.

"ಥೈರಾಯ್ಡ್ ಕಮ್ಮಿ ಕಣೇ. ನಂಗೂ ಅದೇ" ಎಂದು ಮಹಡಿಗೆ ಹೋಗಿ, ಆ ದಿನದ ತಮ್ಮ ಮಾತ್ರೆಯನ್ನು ಮುರಿದು, ಒಂದು ಚೂರು ನುಂಗಿ, ಇನ್ನೊಂದನ್ನು ನನಗೆ ತಂದರು. ಅವರು ಕುಣಿಯುತ್ತಾ ಮೆಟ್ಟಿಲಿಳಿದರೆಂದು ನನ್ನ ನೆನಪು. ಅವರಿಗಿದ್ದ ಮಂಡಿನೋವಿನಲ್ಲಿ ಅದು ಸಾಧ್ಯವೇ ಇರಲಿಲ್ಲ.

ಯಾವುದಕ್ಕೂ ಇರಲಿ ಎಂದು ಡಾಕ್ಟರಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿ, ರಿಪೋರ್ಟನ್ನೂ ಆಂಟಿಯ ಮಾತ್ರೆಯ ವಿಷಯವನ್ನೂ ಹೇಳಿದೆ.

"ಅದನ್ನ ಮುಟ್ಟಬೇಡಿ" ಎಂದರು ಡಾಕ್ಟರ್. "ಟಿಎಸ್‌ಎಚ್ ಅಂದ್ರೆ, ಕೆಲಸ ಮಾಡು ಅಂತ ಥೈರಾಯ್ಡಿಗೆ ತಲೆಯಿಂದ ಬರೋ ಆರ್ಡರ್. ನಿಮ್ಮಲ್ಲಿ ಥೈರಾಯ್ಡ್ ಹಾರ್ಮೋನೇ ಜಾಸ್ತಿ ಇದೆ, ಅದಕ್ಕೆ ಆರ್ಡರ್ ಕಮ್ಮಿಯಾಗಿದೆ. ಹೆರಿಗೆ ಆದ್ಮೇಲೆ ಕೆಲವರಿಗೆ ಹೀಗಾಗುತ್ತೆ, ಎಷ್ಟೋ ಸಲ ತಾನೇ ಸರಿಹೋಗುತ್ತೆ. ಆ ಮಾತ್ರೆ ನುಂಗಿದ್ರೆ ಎದೆ ಇನ್ನೂ ಓಡುತ್ತೆ. ನಾಳೆ ಬನ್ನಿ, ನೋಡೋಣ."

ಆಂಟಿ ತಮ್ಮ ಅಂಗೈಯಲ್ಲೇ ಇದ್ದ ಚೂರನ್ನು ನೋಡಿದರು, ನನ್ನನ್ನು ನೋಡಿದರು.

"ಜಾಸ್ತಿ ಇರೋಳು ನೀನು, ಕಮ್ಮಿ ಇರೋಳು ನಾನು. ನೀನೇ ನಂಗೆ ಸ್ವಲ್ಪ ಕೊಡ್ಬೇಕಿತ್ತಲ್ಲೇ" ಎಂದು ಅದನ್ನೂ ಬಾಯಿಗೆ ಹಾಕಿಕೊಂಡು, ನನಗೆಂದು ತಂದ ನೀರನ್ನು ತಾವೇ ಗಟಗಟ ಕುಡಿದರು.

ನಗುತ್ತಾ ನೆಲಕ್ಕೆ ಕುಸಿದೆ. ಎದೆ ಹೊಡೆದುಕೊಳ್ಳುತ್ತಲೇ ಇತ್ತು. ಹೆದರಿಕೆ ಮಾತ್ರ ಇರಲಿಲ್ಲ.